ಎಮ್ಮೆಗೆ ಸೀರೆ ಒತ್ತು

ಬಸವೇಶ್ವರನಗರದಲ್ಲಿ ಶಂಭುಲಿಂಗಪ್ಪ ಮೇಷ್ಟ್ರ ಮನೆಯ ಮೆಟ್ಟಿಲ ಕೆಳಗೆ ಒಂದು ಹೊಲಿಗೆ ಅಂಗಡಿ. ಒಂದು ಮಿಷನ್ನು, ಒಂದು ಸ್ಟೂಲು, ಒಂದು ನಿಲುವುಗನ್ನಡಿ, ಉಳಿದ ಜಾಗದಲ್ಲಿ ರಾಮಮ್ಮ. ಅವಸರದಲ್ಲಿ ಎದ್ದರೆ ಏಳನೇ ಮೆಟ್ಟಿಲು ನೆತ್ತಿಗೆ ಬಡಿಯುತ್ತದೆ. ಇಪ್ಪತ್ತೆರಡು ವರ್ಷ ಬಡಿಸಿಕೊಂಡರೂ ಆಕೆಗೆ ಅಭ್ಯಾಸವಾಗಿಲ್ಲ. ಪ್ರತಿ ಸಲವೂ ಆ ಮೆಟ್ಟಿಲಿಗೆ ಹೊಸ ಬೈಗುಳ ಹುಡುಕುತ್ತಾಳೆ.

ಅಂಗಡಿಯ ಮೇಲೊಂದು ತಗಡಿನ ಬೋರ್ಡು. ಶುರುವಿನ ದಿನ ಗಂಡ ಕೃಷ್ಣಯ್ಯ ತನ್ನ ಆಟೋದಲ್ಲಿ ಹೇರಿಕೊಂಡು ಬಂದು ಮೊಳೆ ಹೊಡೆದದ್ದು. ದಾರಿಯಲ್ಲಿ ಹೋಗುವ ಹೆಂಗಸರು ಆ ಬೋರ್ಡು ನೋಡಿ ಸಣ್ಣಗೆ ಕೈಮುಗಿಯುತ್ತಾರೆ. ಮಂಗಳವಾರ ಬಂತೆಂದರೆ ಯಾರೋ ಅದಕ್ಕೆ ಬೇವಿನ ಸೊಪ್ಪು ಸಿಕ್ಕಿಸಿ ಹೋಗುತ್ತಾರೆ. ಇದೆಲ್ಲ ತನ್ನ ಕೈಗುಣಕ್ಕೆ ಜನ ಕೊಡುವ ಮರ್ಯಾದೆ ಎಂದು ರಾಮಮ್ಮ ನಂಬಿದ್ದಳು. ಸುಂಕದಕಟ್ಟೆಯ ತನ್ನ ಮನೆಯ ಸುತ್ತಮುತ್ತ ಎಷ್ಟು ಜನ ಟೈಲರುಗಳಿದ್ದರು, ಯಾರ ಬೋರ್ಡಿಗಾದರೂ ಒಂದೆಲೆ ಬೇವು ಬಿದ್ದಿತ್ತೇ?

ಈ ರಾಮಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆ ಗುಟ್ಟು ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು, ಆಕೆಗೆ ಮತ್ತು ಕೃಷ್ಣಯ್ಯನಿಗೆ.

"ಗೊತ್ತಾದ್ರೆ ಏನೀಗ?" ಎಂದು ಕೃಷ್ಣಯ್ಯ ಒಮ್ಮೆ ಕೇಳಿದ್ದ.

"ಏನೀಗ ಅಂತೀರಲ್ಲ! ಓದಕ್ ಬರ್ದಿರೋಳ ಕೈಗೆ ರೇಸ್ಮೆ ಬಟ್ಟೆ ಯಾರ್ ಕೊಡ್ತಾರೆ? ಇವತ್ತು ರಾಮಮ್ಮ ಅಂತಾರೆ, ನಾಳೆ ಎಬ್ಬೆಟ್ಟು ಅಂತಾರೆ. ಮೆಟ್ಲ ಕೆಳಗ್ಲಿಂದ ಎದ್ದು ಓಗ್ಬೇಕಾಯ್ತದೆ."

ಹಾಗಾಗಿ ಆಕೆ ಗುಟ್ಟನ್ನು ಕಾಪಾಡಲು ಊರಿಗಿಲ್ಲದ ಉಪಾಯ ಮಾಡಿಕೊಂಡಿದ್ದಳು. ಯಾರಾದರೂ ಮದುವೆ ಪತ್ರಿಕೆ ಕೈಗಿತ್ತರೆ, "ಅಯ್ಯೋ, ಕನ್ನಡ್ಕ ಮನೇಲೇ ಬಿಟ್ ಬಂದೆ" ಎನ್ನುತ್ತಿದ್ದಳು. ಅದನ್ನು ಹೇಳುತ್ತಲೇ ಕಣ್ಣು ಕೂಡ ಕಿರಿದು ಮಾಡದೆ ಸಣ್ಣ ಸೂಜಿಗೆ ಒಂದೇ ಏಟಿಗೆ ದಾರ ಪೋಣಿಸುತ್ತಿದ್ದಳು. ಯಾರಿಗೂ ಅನುಮಾನ ಬರಲಿಲ್ಲ. ವಾಟ್ಸಾಪಿನಲ್ಲಿ ಯಾರು ಎಷ್ಟುದ್ದ ಟೈಪ್ ಮಾಡಿ ಕಳಿಸಿದರೂ ಆಕೆಯ ಉತ್ತರ ಒಂದೇ ವಾಯ್ಸ್ ನೋಟು: "ಕಣ್ ಉರೀತೈತೆ, ಬಾಯಲ್ ಏಳಿ." ಅಂಕಿಗಳು ಮಾತ್ರ ಚೆನ್ನಾಗಿ ಗೊತ್ತಿದ್ದವು, ಅಳತೆ ಟೇಪು ಕಲಿಸಿದ್ದು. ಟೇಪಿನ ಒಂದು ಬದಿ ಅರವತ್ತಕ್ಕೆ ನಿಲ್ಲುತ್ತದೆ, ಹಿಂಬದಿ ನೂರೈವತ್ತಕ್ಕೆ. ಆದ್ದರಿಂದ ನೂರೈವತ್ತರ ಮೇಲಿನ ನಂಬರಿನ ಬಸ್ಸನ್ನು ಆಕೆ ಹತ್ತುತ್ತಿರಲಿಲ್ಲ. ಕೆಂಗೇರಿಯ ತಂಗಿಯ ಮನೆಗೆ ಹೋಗುವ ಬಸ್ಸುಗಳಿಗೆಲ್ಲ ಇನ್ನೂರರ ಮೇಲೆ ನಂಬರು. ಅಕ್ಕನಿಗೆ ಬಲು ಜಂಬ ಎಂದು ತಂಗಿ ಇಂದಿಗೂ ತಿಳಿದುಕೊಂಡಿದ್ದಾಳೆ.

ಹಾಗಂತ ಆಕೆ ಶಾಲೆಗೇ ಹೋಗಿಲ್ಲ ಎಂದಲ್ಲ. ಹನ್ನೊಂದು ದಿನ ಹೋಗಿದ್ದಳು. ಗೋಡೆಯಲ್ಲೊಂದು ವರ್ಣಮಾಲೆಯ ಪಟ ತೂಗುಹಾಕಿತ್ತು. ಮೇಷ್ಟ್ರು ಉದ್ದನೆ ಕೋಲು ಹಿಡಿದು "ಆ, ಆನೆ! ಇ, ಇಲಿ!" ಎಂದು ಕೂಗುತ್ತಿದ್ದರು. ಕೋಲಿನ ತುದಿ ಬೀಳುತ್ತಿದ್ದದ್ದು ಸರಿಯಾಗಿ ಆನೆಯ ಹೊಟ್ಟೆಯ ಮೇಲೆ. ಹಾಗಾಗಿ ಆನೆಯೇ 'ಆ', ಇಲಿಯೇ 'ಇ' ಎಂದು ರಾಮಮ್ಮ ಕಲಿತಳು. ಪಕ್ಕದಲ್ಲಿ ಜಿಲೇಬಿಯ ಹಾಗೆ ಸುತ್ತಿಕೊಂಡಿದ್ದದ್ದು ರಂಗೋಲಿ ಇರಬೇಕು, ಚೆಂದಕ್ಕೆ ಬಿಡಿಸಿದ್ದಾರೆ ಎಂದುಕೊಂಡಳು. ಹನ್ನೆರಡನೇ ದಿನ ಮನೆಯಲ್ಲಿ ತಮ್ಮ ಹುಟ್ಟಿದ, ತೊಟ್ಟಿಲು ತೂಗಲು ಆಕೆ ಬೇಕಾದಳು. ಅಲ್ಲಿಗೆ ಪ್ರಾಣಿಗಳ ವಿದ್ಯಾಭ್ಯಾಸ ಮುಗಿಯಿತು.

ಅಂಗಡಿ ಹಾಕಿದ ಮೇಲೆ ಅದೇ ವಿದ್ಯೆ ಕೈ ಹಿಡಿಯಿತು. ಅಳತೆ ಬುಕ್ಕಿನಲ್ಲಿ ಎದೆ, ಸೊಂಟ, ತೋಳು ಎಂದು ಸಾಲಾಗಿ ಅಂಕಿ ಬರೆದು, ಯಾರ ಅಳತೆ ಎನ್ನುವುದಕ್ಕೆ ಮೇಲೊಂದು ಚಿತ್ರ ಹಾಕುತ್ತಿದ್ದಳು. ಕನ್ನಡಕದ ಹೆಂಗಸಿಗೆ ಕನ್ನಡಕ, ಮೂಗುತಿಯವಳಿಗೆ ಮೂಗುತಿ. ಮೊದಲ ವರ್ಷ ತೊಂದರೆಯಿರಲಿಲ್ಲ. ಎರಡನೇ ವರ್ಷ ಒಂದೇ ವಾರದಲ್ಲಿ ಆರು ಕನ್ನಡಕದ ಹೆಂಗಸರು ಬಂದರು. ಗೌರಿ ಹಬ್ಬದ ಹಿಂದಿನ ದಿನ ಆರು ರವಿಕೆಗಳೂ ಮನೆ ತಪ್ಪಿ, ಒಬ್ಬರಿಗೆ ಉಸಿರು ಕಟ್ಟಿತು, ಇನ್ನೊಬ್ಬರಿಗೆ ಅದು ನೈಟಿಯಾಯಿತು.

ಅಂದು ಸಂಜೆ ರಾಮಮ್ಮ ಕತ್ತರಿ ಕೆಳಗಿಟ್ಟು ಯೋಚಿಸಿದಳು. ಕನ್ನಡಕ ಎಲ್ಲರಿಗೂ ಬರುತ್ತದೆ, ಹೆಸರು ಒಬ್ಬೊಬ್ಬರಿಗೆ ಒಂದೊಂದು. ಹಾಗಾದರೆ ಮುಖದ ಚಿತ್ರ ಬಿಟ್ಟು ಹೆಸರಿನ ಚಿತ್ರವನ್ನೇ ಬಿಡಿಸಿದರೆ? ಹೆಸರನ್ನು ಬಾಯಲ್ಲಿ ಅಂದು ನೋಡುವುದು, ಅದರೊಳಗೆ ಯಾವ ಸಾಮಾನು ಕೇಳಿಸುತ್ತದೋ ಅದನ್ನು ಬರೆಯುವುದು! ಎದುರು ಮನೆಯ ಕಲಾ ಎಂದರೆ ಕಲ್ಲು. ಐಶ್ವರ್ಯ ಎಂದರೆ ಐಸ್ ಕ್ಯಾಂಡಿ. ಮಂಗಳಮ್ಮ ಎಂದರೆ ಮಂಗ. ಮನೆ ಓನರಮ್ಮ ಜಗದಾಂಬಾ ಎಂದರೆ ನೀರಿನ ಜಗ್ಗು. ನೀಲಾಂಬಿಕಾ ಎನ್ನುವವರಿಗೆ ಏನೂ ಹೊಳೆಯದೆ ನೀಲಿ ಪೆನ್ನಿನಲ್ಲಿ ಒಂದು ಗುಂಡು ಸುತ್ತಿದಳು. ಕೆಲಸ ಹೆಚ್ಚಾದಂತೆ ಚಿತ್ರಗಳೂ ಸಣ್ಣಗಾದವು. ಮಂಗ ಹೋಗಿ ಬರೀ ಬಾಲ ಉಳಿಯಿತು. ಜಗ್ಗು ಹೋಗಿ ಬರೀ ಹಿಡಿ ಉಳಿಯಿತು. ನೋಡಿದವರಿಗೆ ಅದು ಕೆಟ್ಟ ಕೈಬರಹದಂತೆ ಕಾಣುತ್ತಿತ್ತೇ ಹೊರತು ಚಿತ್ರ ಎನಿಸುತ್ತಿರಲಿಲ್ಲ. "ರಾಮಮ್ಮಂದು ಡಾಕ್ಟರ್ ಅಕ್ಷರ" ಎಂದು ಗಿರಾಕಿಗಳು ನಗುತ್ತಿದ್ದರು. ರಾಮಮ್ಮ ಇನ್ನೂ ಜೋರಾಗಿ ನಗುತ್ತಿದ್ದಳು.

ಜಗದಾಂಬಾ ಮತ್ತು ಶಂಭುಲಿಂಗಪ್ಪನವರ ಮಗಳು ಹೇಮಶ್ರೀ. ಸುಂಕದಕಟ್ಟೆಯ ನಾಲಿಗೆಗೆ 'ಹ' ಅಷ್ಟಾಗಿ ಒಗ್ಗುವುದಿಲ್ಲ. ರಾಮಮ್ಮ ಆ ಹುಡುಗಿಯನ್ನು ಚಿಕ್ಕಂದಿನಿಂದ ಕರೆದದ್ದು ಏಮಸಿರಿ ಎಂದೇ. ಏಮ ಎಂದರೆ ಎಮ್ಮೆ. ಆದರೆ ಹಿಂದಿನ ಬೀದಿಯಲ್ಲಿ ಇನ್ನೊಬ್ಬಳು ಹೇಮಾವತಿ ಇದ್ದಳು, ಅವಳೂ ಎಮ್ಮೆಯೇ. ಇಬ್ಬರನ್ನು ಬೇರೆ ಮಾಡಬೇಕಲ್ಲ? ಏಮಾವತಿಗೆ ಎಮ್ಮೆಯ ಪಕ್ಕ ಒಂದು ಊದುಬತ್ತಿ ಹಚ್ಚಿದಳು. ಏಮಸಿರಿಯ 'ಸಿರಿ'ಗೆ ಸೀರೆ ಸರಿಹೋಯಿತು. ಎರಡು ಚಿತ್ರಕ್ಕೆ ಜಾಗ ಸಾಲದೆ ಸೀರೆಯನ್ನು ಎಮ್ಮೆಗೇ ಉಡಿಸಿಬಿಟ್ಟಳು. ಹೀಗೆ ಹೇಮಶ್ರೀ ಅಳತೆ ಬುಕ್ಕಿನಲ್ಲಿ ಹದಿನೈದು ವರ್ಷದಿಂದ ಸೀರೆಯುಟ್ಟ ಎಮ್ಮೆಯಾಗಿ ಬೆಳೆಯುತ್ತಿದ್ದಳು.

ಅವಳ ಮದುವೆ ಗೊತ್ತಾಯಿತು. ಹುಡುಗ ಚನ್ನವೀರೇಶ್, ಆರಡಿ ಎತ್ತರ, ಗಾಳಿ ಬೀಸಿದರೆ ಬಾಗುವಷ್ಟು ಸಣಕಲ. ಮುಹೂರ್ತದ ಸೀರೆಯಲ್ಲೇ ಬಂದಿದ್ದ ಹಸಿರು ರವಿಕೆ ಬಟ್ಟೆಯನ್ನು ಹೇಮಶ್ರೀ ತಂದುಕೊಟ್ಟಳು. "ತೋಳಿಗೆ ಮಾವಿನಕಾಯಿ ಡಿಸೈನ್ ಹಾಕ್ಸಿ ಆಂಟಿ. ಬೆನ್ನಿಗೆ ಏನೂ ಬೇಡ, ನೆಕ್ ಸ್ವಲ್ಪ ಡೀಪ್ ಇರ್ಲಿ ಅಷ್ಟೆ."

ಎತ್ತಿ ಆಡಿಸಿದ ಹುಡುಗಿಯ ಮದುವೆ ರವಿಕೆ. ಅದಕ್ಕೆ ಸಿಕ್ಕಿಸುವ ಚೀಟಿಯಲ್ಲಿ ಯಾವಾಗಿನಂತೆ ಎರಡು ಕೊಂಬು, ಒಂದು ಗೆರೆ ಗೀಚಿ ಮುಗಿಸಲು ರಾಮಮ್ಮನಿಗೆ ಮನಸ್ಸು ಬರಲಿಲ್ಲ. ಬಿಳಿ ಲೈನಿಂಗ್ ಬಟ್ಟೆಯ ತುಂಡಿನ ಮೇಲೆ ಅರ್ಧ ಗಂಟೆ ಕೂತು ಪೂರ್ತಿ ಎಮ್ಮೆ ಬಿಡಿಸಿದಳು. ಸೀರೆಗೆ ನೆರಿಗೆ, ಸೆರಗಿಗೆ ಅಂಚು, ಕೊಂಬಿಗೆ ಮಲ್ಲಿಗೆ ದಂಡೆ. ಪಕ್ಕದಲ್ಲಿ ಕತ್ತಿನ ಆಳ ಒಂಬತ್ತು ಎಂದು ಅಂಕಿ ಹಾಕಿ, ಬಾಪೂಜಿ ನಗರದಲ್ಲಿ ಜರಿ ಮಣಿಗಳ ಮಗ್ಗಂ ವರ್ಕ್ ಮಾಡುವ ಭೈರೇಶನಿಗೆ ಬಟ್ಟೆ ಕಳಿಸಿ ವಾಯ್ಸ್ ನೋಟ್ ಹಾಕಿದಳು: "ಭೈರೇಸ, ತೋಳಿಗೆ ಮಾವಿನ್ಕಾಯಿ ಕಣೋ. ಬೆನ್ನಿಗೆ ಚೀಟೀಲಿ ಐತೆ, ಅಂಗೇ ಮಾಡ್ಬುಡು."

ಭೈರೇಶ ಹಾಗೆಯೇ ಮಾಡಿಬಿಟ್ಟ.

ಮದುವೆ ಭಾನುವಾರ, ಬಟ್ಟೆ ವಾಪಸು ಬಂದದ್ದು ಶುಕ್ರವಾರ ಬೆಳಿಗ್ಗೆ. ರಾಮಮ್ಮ ಮಡಿಕೆ ಬಿಚ್ಚಿದಳು. ಹಸಿರು ರೇಷ್ಮೆಯ ಬೆನ್ನಿನ ಮೇಲೆ ಚಿನ್ನದ ಜರಿಯಲ್ಲಿ, ಕೆಂಪು ಮಣಿಯ ಸೀರೆಯುಟ್ಟು, ಮಲ್ಲಿಗೆ ಮುಡಿದು, ಸರಿಯಾಗಿ ಒಂಬತ್ತು ಇಂಚಿನ ಎಮ್ಮೆ ನಿಂತಿತ್ತು. ಕಣ್ಣಿಗೆ ಕನ್ನಡಿ ಚೂರು ಬೇರೆ ಇಟ್ಟಿದ್ದರಿಂದ ಮಿಟುಕಿಸಿದಂತೆ ಕಾಣುತ್ತಿತ್ತು. ರಾಮಮ್ಮ ದಡಕ್ಕನೆ ಎದ್ದಳು. ಏಳನೇ ಮೆಟ್ಟಿಲು ಬಡಿಯಿತು. ಬೈಯಲು ಬಾಯಿ ಬರಲಿಲ್ಲ.

ಫೋನಿನಲ್ಲಿ ಭೈರೇಶ ಹೆಮ್ಮೆಯಿಂದ ಬೀಗುತ್ತಿದ್ದ. "ಹೆಂಗಿದೆ ಅಕ್ಕ? ನಾಲ್ಕ್ ಜನ ಕೂತು ಮೂರ್ ದಿನ ಮಾಡಿದ್ದು."

"ಎಮ್ಮೆ ಯಾಕೋ ಆಕ್ದೆ?"

"ನೀವೇ ಕಳ್ಸಿದ್ರಲ್ಲ? ಹೋದ್ವಾರ ಒಬ್ರು ಅವ್ರ್ ಮನೆ ನಾಯಿ ಮುಖ ಹಾಕಿಸ್ಕೊಂಡ್ರು. ನಾನ್ ಯಾರನ್ನೂ ಯಾಕೆ ಅಂತ ಕೇಳಲ್ಲ ಅಕ್ಕ, ಹುಡ್ಗಂದು ಡೈರಿ ಬಿಸಿನೆಸ್ ಇರ್ಬೇಕು ಅಂದ್ಕೊಂಡೆ."

ಜರಿ ಬಿಚ್ಚಿದರೆ ರೇಷ್ಮೆಗೆ ಜರಡಿಯಂತೆ ತೂತು. ಬೇರೆ ಬಟ್ಟೆ ತರೋಣವೆಂದರೆ ಸೀರೆಯ ಬಣ್ಣಕ್ಕೆ ಹೊಂದಬೇಕು. ಒಂಬತ್ತಿಂಚು ಕತ್ತು ತೆಗೆದರೆ ತಲೆಯಿಲ್ಲದ ಎಮ್ಮೆ ಉಳಿಯುತ್ತದೆ. ರಾಮಮ್ಮ ಬೆವರು ಒರೆಸಿಕೊಂಡು ಲೆಕ್ಕ ಹಾಕಿದಳು. ಮದುವೆ ಹೆಣ್ಣಿಗೆ ಮೊಗ್ಗಿನ ಜಡೆ ಹಾಕುತ್ತಾರೆ, ಜಡೆ ಬೆನ್ನಿನ ನಡುವೆ ಬರುತ್ತದೆ, ಎಮ್ಮೆ ಅದರ ಹಿಂದೆ ಅಡಗುತ್ತದೆ. ಅಷ್ಟು ಧೈರ್ಯ ತಂದುಕೊಂಡು, ಕತ್ತಿನ ಆಳ ತಗ್ಗಿಸಿ, ಎಮ್ಮೆ ಸಮೇತ ಹೊಲಿದು ಮುಗಿಸಿದಳು. ಜಡೆ ನಾಲ್ಕಿಂಚು ಅಗಲ, ಕೊಂಬಿನಿಂದ ಕೊಂಬಿಗೆ ಏಳಿಂಚು ಎನ್ನುವುದು ಗಾಬರಿಯಲ್ಲಿ ಹೊಳೆಯಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹೇಮಶ್ರೀ ಟ್ರಯಲ್ ನೋಡಲು ಇಳಿದು ಬಂದಳು. ರಾಮಮ್ಮ ರವಿಕೆಯನ್ನು ಎದೆಯ ಭಾಗ ಮುಂದೆ ಮಾಡಿ ಹಿಡಿದು ತೊಡಿಸಿದಳು, ಹುಕ್ಕು ಹಾಕಿ ಕನ್ನಡಿಯ ಮುಂದೆ ನಿಲ್ಲಿಸಿದಳು.

"ಫಿಟ್ಟಿಂಗ್ ಸೂಪರ್ ಆಂಟಿ! ಆದ್ರೆ ಬೆನ್ನಲ್ಲಿ ಏನೋ ಭಾರ ಅನ್ಸ್ತಿದೆ."

"ಒಳ್ಳೆ ಜರಿ ಕಣವ್ವ, ಭಾರ್ವಾಗೇ ಇರ್ತದೆ."

"ಬೆನ್ನಿಗೆ ಬೇಡ ಅಂದಿದ್ನಲ್ಲ? ಇರಿ, ತಿರುಗಿ ನೋಡ್ತೀನಿ."

"ತಿರುಗ್ಬ್ಯಾಡ! ಮದ್ವೆ ಎಣ್ಣು ಕನ್ನಡೀಗೆ ಬೆನ್ ಆಕ್ಬಾರ್ದು, ದೋಸ!"

"ಹಂಗಂತ ಯಾರ್ ಹೇಳಿದ್ದು?"

"ಸುಂಕದಕಟ್ಟೇಲಿ ಎಲ್ರೂ ಏಳ್ತಾರೆ."

ಹೇಮಶ್ರೀ ನಗುತ್ತ, "ಅಮ್ಮಂಗೆ ತೋರಿಸ್ಕೊಂಡ್ ಬರ್ತೀನಿ" ಎಂದು ಮೆಟ್ಟಿಲು ಹತ್ತಿಬಿಟ್ಟಳು. ರಾಮಮ್ಮ ಮೆಟ್ಟಿಲ ಕೆಳಗೇ ಕೂತು ತಲೆಯ ಮೇಲೆ ಹೋಗುವ ಹೆಜ್ಜೆಗಳನ್ನು ಎಣಿಸಿದಳು. ಏಳು, ಎಂಟು, ಒಂಬತ್ತು. ಬಾಗಿಲು ತೆಗೆದ ಸದ್ದು. ಆಮೇಲೆ "ರಾಮಮ್ಮಾ!" ಎಂದು ಇಡೀ ಬೀದಿಗೆ ಕೇಳುವ ಕೂಗು. ಎದ್ದಳು, ಮೆಟ್ಟಿಲು ಬಡಿಯಿತು.

ಮೇಲೆ ಹೋಗಿ ನೋಡಿದರೆ ಜಗದಾಂಬಾ ಮಗಳ ಬೆನ್ನಿಗೆ ಕೈಮುಗಿದು ನಿಂತಿದ್ದರು. ಹಪ್ಪಳ ಒತ್ತಿಕೊಡಲು ಬಂದಿದ್ದ ಎದುರು ಮನೆಯ ಕಲಾ ಫೋನಿನಲ್ಲಿ ಆ ಬೆನ್ನಿನ ಫೋಟೋ ತೆಗೆಯುತ್ತಿದ್ದಳು. "ಏನು? ಏನಿದೆ? ಹೇಳ್ರೀ!" ಎಂದು ಹೇಮಶ್ರೀ ತನ್ನ ಬೆನ್ನು ತಾನೇ ನೋಡಿಕೊಳ್ಳಲು ಬುಗುರಿಯಂತೆ ಸುತ್ತುತ್ತಿದ್ದಳು.

"ನಂದಿ ಅಲ್ಲೇನೇ ಇದು!" ಎಂದರು ಜಗದಾಂಬಾ. ಅವರ ತವರು ದಾವಣಗೆರೆ ಕಡೆ. "ಮುಹೂರ್ತದ ರವಿಕಿ ಮ್ಯಾಲೆ ಬಸವಣ್ಣ ಬಂದಾನಲ್ಲ, ಚಲೋನೇ ಆತು ಬಿಡು."

ರಾಮಮ್ಮನಿಗೆ ಹೋದ ಜೀವ ಬಂದಂತಾಯಿತು. "ಊ ಕಣಮ್ಮೋರೇ. ಬಸ್ವಣ್ಣ. ನಾನೇ ಏಳಿ ಆಕ್ಸಿದ್ದು."

ಅಷ್ಟರಲ್ಲಿ ಒಳಗಿನಿಂದ ಶಂಭುಲಿಂಗಪ್ಪನವರು ಬಂದರು. ಕಾಲೇಜಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಹಾಳು ಗುಡಿಗಳ ಶಾಸನ ಓದುವ ಹುಚ್ಚು. ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಅದನ್ನು ಮಗಳ ಬೆನ್ನಿಗೆ ಹಿಡಿದರು.

"ಬಸವ ಅಲ್ಲ ಇದು. ಬಸವನಿಗೆ ಹೆಗಲ ಮೇಲೆ ಡುಬ್ಬ ಇರ್ಬೇಕು. ಎಲ್ಲಿದೆ ಡುಬ್ಬ? ಕೊಂಬು ನೋಡು, ಹೆಂಗೆ ಹಿಂದಕ್ಕೆ ಬಾಗಿದೆ. ಶುದ್ಧ ಎಮ್ಮೆ."

"ಸೀರೆ ಉಟ್ಟಿದೆ ಸಾರ್," ಎಂದಳು ಕಲಾ ಫೋಟೋ ದೊಡ್ಡದು ಮಾಡುತ್ತ. "ನೆರಿಗೆ ಎಷ್ಟ್ ನೀಟಾಗ್ ಬಂದಿದೆ! ನಂಗೂ ಹಿಂಗ್ ಬರಲ್ಲ."

ಹೇಮಶ್ರೀ ಫೋಟೋ ನೋಡಿದಳು, ಸೋಫಾದ ಮೇಲೆ ಕುಸಿದಳು. ಬೆನ್ನು ಒರಗಿಸಲು ಹೋಗಿ ಎಮ್ಮೆ ನೆನಪಾಗಿ ಮತ್ತೆ ನೆಟ್ಟಗೆ ಕೂತಳು. "ನನ್ ಮದ್ವೆಗೆ ಎಮ್ಮೆನಾ? ಆ ಭೈರೇಶ್ ಅಲ್ವಾ ಮಾಡಿದ್ದು? ಫೋನ್ ಮಾಡ್ರೀ ಅವ್ನಿಗೆ! ಇನ್ಮೇಲೆ ಈ ಏರಿಯಾದಲ್ಲಿ ಒಬ್ರೂ ಅವ್ನಿಗೆ ಕೆಲ್ಸ ಕೊಡ್ಬಾರ್ದು, ಹಂಗ್ ಮಾಡ್ತೀನಿ!"

ಎಲ್ಲರೂ ರಾಮಮ್ಮನ ಕಡೆ ತಿರುಗಿದರು. 'ಊ, ಅವನೇ ತಪ್ಪು ಮಾಡಿದ್ದು' ಎಂದರೆ ಸಾಕಿತ್ತು. ಗುಟ್ಟು ಉಳಿಯುತ್ತಿತ್ತು, ಅಂಗಡಿ ಉಳಿಯುತ್ತಿತ್ತು. ಭೈರೇಶ ಮೂರು ದಿನ ಕೂತು ಎಮ್ಮೆಗೆ ಒಂದೊಂದೇ ಮಣಿ ಕಟ್ಟಿದ್ದು ಆಕೆಗೆ ಕಣ್ಣ ಮುಂದೆ ಬಂತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಭೈರೇಸಂದು ತಪ್ಪಿಲ್ಲ ಕಣವ್ವ. ಅದು ಎಮ್ಮೆ ಅಲ್ಲ."

"ಮತ್ತೆ?"

"ಅದು ನಿನ್ನೆಸ್ರು."

ಯಾರಿಗೂ ತಿಳಿಯಲಿಲ್ಲ. ರಾಮಮ್ಮ ಹತ್ತಿರ ಹೋಗಿ ರವಿಕೆಯ ಮೇಲೆ ಬೆರಳಿಟ್ಟು ಓದಿ ತೋರಿಸಿದಳು. "ಇದು ಏಮ. ಇದು ಸಿರಿ. ಏಮಸಿರಿ." ತಲೆ ತಗ್ಗಿಸಿ ಸೇರಿಸಿದಳು. "ನಂಗೆ ಓದಕ್ ಬರಲ್ಲ ಅಮ್ಮೋರೇ. ಇಪ್ಪತ್ತೆರಡ್ ವರ್ಸದಿಂದ ಇಂಗೇ ಬರ್ಕೊತಿವ್ನಿ. ನಾಳೆನೇ ಮಿಸನ್ ಎತ್ಕೊಂಡ್ ಓಯ್ತೀನಿ, ಬುಡಿ."

ಜಗದಾಂಬಾ ಬಾಯಿ ತೆರೆದರು. ಆದರೆ ಮಾತಾಡಿದ್ದು ಮೇಷ್ಟ್ರು.

"ರಾಮಮ್ಮ. ಆ ಪುಸ್ತಕ ತಗೊಂಡ್ ಬನ್ನಿ."

ಅಳತೆ ಬುಕ್ಕುಗಳು ಬಂದವು, ಇಪ್ಪತ್ತೆರಡು ವರ್ಷದವೂ. ಮೇಷ್ಟ್ರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಭೂತಗನ್ನಡಿ ಹಿಡಿದು ಹಾಳೆ ತಿರುಗಿಸಿದರು. ಮೊದಲ ಬುಕ್ಕಿನಲ್ಲಿ ಪೂರ್ತಿ ಮಂಗ. ಐದನೆಯದರಲ್ಲಿ ಅರ್ಧ ಮಂಗ. ಹತ್ತನೆಯದರಲ್ಲಿ ಬರೀ ಬಾಲ.

"ಈ ಜಗ್ಗು ಯಾರು?"

ರಾಮಮ್ಮ ಜಗದಾಂಬಾರ ಕಡೆ ನೋಡಿ ತಲೆ ತಗ್ಗಿಸಿದಳು.

"ನಾನು ಜಗ್ಗೇನು?" ಎಂದರು ಜಗದಾಂಬಾ.

"ಈ ಕಲ್ಲು?"

ಕಲಾಳ ಮುಖ ಕೆಂಪಾಯಿತು. "ಕಲ್ಲು ನಾನಾ?"

"ಗುಂಡಕ್ಕೆ, ನುಣ್ಣಕ್ಕೆ ಬರ್ದಿವ್ನಿ ಕಣಕ್ಕ, ನೋಡಿ ಬೇಕಾದ್ರೆ. ಜಲ್ಲಿಕಲ್ಲಲ್ಲ."

ಮೇಷ್ಟ್ರು ಯಾರ ಮಾತೂ ಕೇಳುವ ಸ್ಥಿತಿಯಲ್ಲಿರಲಿಲ್ಲ. "ಲೇ, ಗೊತ್ತೇನ್ರೇ ನಿಮಗೆ? ಈಜಿಪ್ಟಿನಲ್ಲಿ ನೂರಾರು ಚಿತ್ರ ಕಲಿತ್ರೆ ಮಾತ್ರ ಬರೆಯೋಕೆ ಆಗ್ತಿತ್ತು. ಅದೆಲ್ಲ ಅರಮನೆ ಗುಮಾಸ್ತರ ಸೊತ್ತು. ಅಲ್ಲೇ ಗಣಿ ಕೆಲಸಕ್ಕೆ ಬಂದ ಬೇರೆ ಸೀಮೆ ಜನಕ್ಕೆ ಅದು ಓದೋಕೆ ಬರ್ತಿರ್ಲಿಲ್ಲ. ಅವರು ಏನ್ ಮಾಡಿದ್ರು? ಎತ್ತಿನ ತಲೆ ಬರೆದು, ಎತ್ತು ಅನ್ನೋ ಪದದ ಮೊದಲ ಸದ್ದಿಗೆ ಅದನ್ನ ಇಟ್ಕೊಂಡ್ರು! ಮನೆ ಬರೆದು ಮನೆಯ ಸದ್ದಿಗೆ, ನೀರು ಬರೆದು ನೀರಿನ ಸದ್ದಿಗೆ! ಹಂಗಂತ ಎಷ್ಟೋ ಜನ ವಿದ್ವಾಂಸರು ಹೇಳ್ತಾರೆ. ಇಂಗ್ಲಿಷಿನ ದೊಡ್ಡ 'ಎ'ನ ತಲೆಕೆಳಗೆ ಮಾಡಿ ನೋಡು, ಇವತ್ತಿಗೂ ಕೊಂಬಿದೆ. ಅಕ್ಷರ ಕಂಡುಹಿಡಿದವರು ಯಾರು? ಓದು ಬರದವರು! ಮೂರು ಸಾವಿರದ ಎಂಟುನೂರು ವರ್ಷದ ಹಿಂದೆ ಅವರು ಮಾಡಿದ್ದನ್ನ ಈಯಮ್ಮ ನಮ್ಮ ಮೆಟ್ಟಿಲ ಕೆಳಗೆ ಒಬ್ಬಳೇ ಮಾಡಿದಾಳೆ! ಜಾಗ ಸಾಲದೆ ಒಂದರ ಮೈಮೇಲೆ ಇನ್ನೊಂದು ಹೊದಿಸಿದಾಳೆ ನೋಡು, ಇದು ಒತ್ತಕ್ಷರ ಕಣೇ! ಎಮ್ಮೆಗೆ ಸೀರೆ ಒತ್ತು!"

"ಅಪ್ಪಾ," ಎಂದಳು ಹೇಮಶ್ರೀ ಹಲ್ಲು ಕಚ್ಚಿ, "ನಾಡಿದ್ದು ನನ್ ಮದ್ವೆ. ಆ ಮೂರ್ ಸಾವಿರ ವರ್ಷ ಆಮೇಲೆ ಹೇಳಿ."

"ಮಿಷನ್ ಎತ್ಕೊಂಡು ಹೋಗ್ತಾರಂತೆ! ಇವರು ಹೋದ್ರೆ ನಾನೂ ಮೆಟ್ಟಿಲ ಕೆಳಗೇ ಹೋಗಿ ಕೂತ್ಕೋತೀನಿ," ಎಂದು ಮೇಷ್ಟ್ರು ಘೋಷಿಸಿದರು.

"ಯಾರೂ ಎಲ್ಲಿಗೂ ಹೋಗೂದಿಲ್ಲ, ಸುಮ್ನಿರ್ರೀ," ಎಂದರು ಜಗದಾಂಬಾ. "ಓದಾಕ ಬಂದೋರು ಹೊಲ್ದ ರವಿಕಿ ಯಾವುದು ನನ್ ಮೈಗೆ ಕೂತೈತಿ?" ಆಮೇಲೆ "ಜಗ್ಗಂತ ಜಗ್ಗು" ಎಂದು ಗೊಣಗಿದರು.

ಆದರೆ ಎಮ್ಮೆ ಇನ್ನೂ ಬೆನ್ನ ಮೇಲೆಯೇ ಇತ್ತು. ಹೇಮಶ್ರೀ ಕಣ್ಣೊರೆಸಿಕೊಂಡಳು. ಒಂದು ಅಳತೆ ಬುಕ್ಕನ್ನು ತನ್ನ ಕಡೆಗೆಳೆದುಕೊಂಡು ಕೇಳಿದಳು:

"ಆಂಟಿ, ಚನ್ನವೀರೇಶ್ ಅಂತ ಬರೀರಿ ನೋಡಣ."

ರಾಮಮ್ಮ ಸೊಂಟದಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಕೂತಳು. ತುಟಿಯಲ್ಲೇ ಅಂದುಕೊಂಡಳು, "ಚನ್ನ... ಈರೇಸ. ಚನ್ನ... ಈರೇ..." ಮೊದಲು ಒಂದು ದಪ್ಪ ಚನ್ನಾ ಕಾಳು ಬಿಡಿಸಿದಳು. ಅದರ ಕೆಳಗೆ ಉದ್ದಕ್ಕೆ, ಸಣ್ಣಗೆ, ಸ್ವಲ್ಪ ಬಾಗಿಕೊಂಡ ಒಂದು ಹೀರೇಕಾಯಿ ಎಳೆದಳು.

ಹೇಮಶ್ರೀ ನೋಡಿದಳು. ಕಾಳು ತಲೆ, ಕಾಯಿ ಮೈ. ತದ್ರೂಪ ಚನ್ನವೀರೇಶ್. ಅವಳ ಗಂಟಲಿನಿಂದ ಮೊದಲು ಬಿಕ್ಕಳಿಕೆಯಂತೆ ಒಂದು ಸದ್ದು ಬಂತು, ಆಮೇಲೆ ಹೊಟ್ಟೆ ಹಿಡಿದುಕೊಂಡು ಸೋಫಾದಿಂದ ಜಾರಿದಳು. "ಹೀರೇಕಾಯಿ! ಅಮ್ಮಾ, ಹೀರೇಕಾಯಿ ಕಣಮ್ಮಾ! ಭೈರೇಶ್‌ಗೆ ಫೋನ್ ಹಾಕ್ರೀ! ಅವ್ರ ಶಲ್ಯಕ್ಕೆ ನಾಳೆ ಸಂಜೆ ಒಳಗೆ ಇದು ಬೇಕು. ಎಮ್ಮೆ ಒಬ್ಳೇ ಹೋಗಲ್ಲ ಮಂಟಪಕ್ಕೆ!"

ಭಾನುವಾರ ಹೇಮಶ್ರೀ ಮಂಟಪದಲ್ಲಿ ಕೂತಾಗ ಮೊಗ್ಗಿನ ಜಡೆಯ ಎರಡೂ ಬದಿಗೆ ಒಂದೊಂದು ಚಿನ್ನದ ಕೊಂಬು ಇಣುಕುತ್ತಿತ್ತು, ಜಡೆಗೇ ಕೊಂಬು ಬಂದಹಾಗೆ. ಪಕ್ಕದಲ್ಲಿ ಶಲ್ಯದ ಮೇಲೆ ಹೀರೇಕಾಯಿ ಹೊದ್ದು ಚನ್ನವೀರೇಶ್ ಏನೂ ಅರಿಯದೆ ನಗುತ್ತಿದ್ದ. ಹುಡುಗನ ಅಜ್ಜಿ ಶಂಕ್ರವ್ವ ಅದನ್ನು ಬಹಳ ಹೊತ್ತು ನೋಡಿ, ಹೆಣ್ಣಿನ ಕಡೆಯವರ ಪದ್ಧತಿ ಇರಬೇಕೆಂದು ಸುಮ್ಮನಾದರು. ಹೆಣ್ಣಿನ ಕಡೆಯ ಅತ್ತೆಯರು ಗಂಡಿನ ಕಡೆಯ ಪದ್ಧತಿ ಎಂದುಕೊಂಡರು. ಊಟದ ಸಾಲಿನಲ್ಲಿ ಇಬ್ಬರು ಬಂದು ರಾಮಮ್ಮನ ಕಿವಿಯಲ್ಲಿ ತಮ್ಮ ಹೆಸರಿಗೆ ಏನು ಬರುತ್ತದೆ ಎಂದು ಕೇಳಿಕೊಂಡು ಹೋದರು. ಮಂಗಳಮ್ಮ ಕೇಳಿದಾಗ ಮಾತ್ರ ರಾಮಮ್ಮ, "ಕನ್ನಡ್ಕ ತಂದಿಲ್ಲ ಕಣಕ್ಕ" ಎಂದಳು.

ಮದುವೆ ಮುಗಿದ ಮಾರನೇ ವಾರದಿಂದ ಮೇಷ್ಟ್ರು ದಿನವೂ ಸಂಜೆ ಸ್ಲೇಟು ಹಿಡಿದು ಮೆಟ್ಟಿಲ ಕೆಳಗೆ ಬಂದು ಕೂರತೊಡಗಿದರು. ಮೊದಮೊದಲು ಪಾಠಕ್ಕಿಂತ ತಕರಾರೇ ಹೆಚ್ಚು.

"ಕ ತಲೆಕಟ್ಟು ಕ. ಕ ಕೊಂಬು ಕು."

"ಏನು? ಕೊಂಬಾ?"

"ಹೌದು, ಈ ಬಾಲದ ತರ ಇದೆಯಲ್ಲ, ಇದಕ್ಕೆ ಕೊಂಬು ಅಂತಾರೆ."

"ತಲೇಗ್ ಕಟ್ಟೈತೆ, ಕೊಂಬೂ ಐತೆ. ಇದೂ ಎಮ್ಮೆನೇ ಅಲ್ವಾ ಸಾರ್? ನಾನ್ ಬರ್ದಿದ್ದ್ರಲ್ಲಿ ಏನ್ ತಪ್ಪಿತ್ತು?"

ಮೇಷ್ಟ್ರು ಸ್ಲೇಟು ಒರೆಸಿದರು. ಇನ್ನೊಂದು ದಿನ ಆಕೆ ಹೇಮಶ್ರೀಯ ಹೆಸರನ್ನು ಕಷ್ಟಪಟ್ಟು ಬರೆದು ತೋರಿಸಿದಳು. 'ಏಮಸಿರಿ' ಎಂದಿತ್ತು.

"ಹ ಎಲ್ಲಿ ರಾಮಮ್ಮ?"

"ಅದೆಲ್ಲಿತ್ತು ಸಾರ್? ನಾನ್ ಯಾವತ್ತೂ ಅನ್ಲೇ ಇಲ್ವಲ್ಲ."

ಮೇಷ್ಟ್ರು ಕೆಂಪು ಸೀಮೆಸುಣ್ಣ ಎತ್ತಿ ತಿದ್ದಲು ಹೋದವರು ನಿಲ್ಲಿಸಿದರು. "ಒಂದು ಕಾಲದಲ್ಲಿ ಇಡೀ ಕನ್ನಡನಾಡು ಪಾಲು ಅಂತಿತ್ತು. ಆಮೇಲೆ ಹಾಲು ಅಂತು. ನೀವು ಆಲು ಅಂತೀರಿ. ಲೆಕ್ಕ ಹಾಕಿದ್ರೆ ನೀವೇ ಒಂದು ಹೆಜ್ಜೆ ಮುಂದಿದೀರಿ."

"ಅಂಗಾರೆ ನೀವೆಲ್ಲ ಬೇಗ್ ಬೇಗ್ ಬನ್ನಿ," ಎಂದಳು ರಾಮಮ್ಮ.

ಮೂರು ತಿಂಗಳಾಗಿತ್ತು. ಒಂದು ಮಂಗಳವಾರ ಬೆಳಿಗ್ಗೆ ಕೃಷ್ಣಯ್ಯ ಆಟೋದಲ್ಲಿ ಕರೆತಂದು ಇಳಿಸಿದ. ರಾಮಮ್ಮ ಬೀಗ ತೆಗೆಯಲು ಹೋದವಳು ಯಾಕೋ ತಲೆಯೆತ್ತಿ ಬೋರ್ಡು ನೋಡಿದಳು. ಆ ಹೊತ್ತಿಗಾಗಲೇ ಯಾರೋ ಬೇವು ಸಿಕ್ಕಿಸಿ ಹೋಗಿದ್ದರು. ಎಲೆಗಳನ್ನು ಬೆರಳಿನಿಂದ ಸರಿಸಿದಳು. ಇಪ್ಪತ್ತೆರಡು ವರ್ಷ ರಂಗೋಲಿಯಂತೆ ಕಂಡಿದ್ದು ಅಂದು ಅಲುಗಾಡದೆ ನಿಂತು ಒಂದೊಂದಾಗಿ ಬಾಯಿಗೆ ಬಂತು.

"ಶ್ರೀ... ಮಾ... ರ... ಮ್ಮ." ಮತ್ತೊಮ್ಮೆ ಓದಿದಳು. "ಮಾ. ರ. ಮ್ಮ."

ಆಟೋ ಸ್ಟಾರ್ಟ್ ಆದ ಸದ್ದು ಕೇಳಿತು.

"ನಿಲ್ರೀ!"

ಆಟೋ ಆಫ್ ಆಯಿತು. ಕೃಷ್ಣಯ್ಯ ತಿರುಗಿ ನೋಡದೆ ಮೀಟರನ್ನೇ ದಿಟ್ಟಿಸುತ್ತ ಕೂತ.

"ಮಾರಮ್ಮ ಲೇಡೀಸ್ ಟೈಲರ್! ನಿಮ್ಗೆ ಗೊತ್ತಿತ್ತು!"

"ಆ ಪೇಂಟರ್ರು ಹಿಂದ್ ಮುಂದ್ ಮಾಡ್ಬಿಟ್ಟ ಕಣೇ. ಸಂಜೆ ಹೇಳಣ ಅಂದ್ಕೊಂಡೆ. ಅಷ್ಟ್ರಲ್ಲಿ ಜನ ಕೈಮುಗ್ದು ಬಟ್ಟೆ ಕೊಡಕ್ ಶುರು ಮಾಡಿದ್ರು."

"ಯಾವ್ ಸಂಜೆ? ಇಪ್ಪತ್ತೆರಡ್ ವರ್ಸದಲ್ಲಿ ಒಂದ್ ಸಂಜೆ ಆಗ್ಲಿಲ್ವಾ?"

ಕೂಗಾಟ ಕೇಳಿ ಮೇಷ್ಟ್ರು ಮೇಲಿನಿಂದ ಬಗ್ಗಿದರು. "ಮಾರಮ್ಮ ನಿಮ್ಮ ಮನೆದೇವರು ಅಂತ ನಾನು ಅಂದ್ಕೊಂಡಿದ್ನಲ್ಲ ರಾಮಮ್ಮ!" ಎದುರು ಮನೆಯಿಂದ ಕಲಾ ಫೋನು ಹಿಡಿದು ಓಡಿಬಂದಳು. ಬೀದಿಯ ನಾಲ್ಕು ಜನ ನಿಂತರು.

ರಾಮಮ್ಮ ಸೊಂಟಕ್ಕೆ ಕೈಯಿಟ್ಟು ಎಲ್ಲರ ಕಡೆ ತಿರುಗಿದಳು. ಇಪ್ಪತ್ತೆರಡು ವರ್ಷ ಯಾರಿಗೂ ಕೇಳಿಸದಿರಲಿ ಎಂದು ನುಂಗಿದ್ದನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. "ನೋಡಿ, ಓದಕ್ ಬಂದೋರು ನೀವು ಇಷ್ಟ್ ಜನ ಇದೀರಿ. ಇಪ್ಪತ್ತೆರಡ್ ವರ್ಸ ದಿನಾ ಓದಿದೀರಿ. ತಪ್ಪೈತೆ ಅಂತ ಯಾರಿಗಾದ್ರೂ ಗೊತ್ತಾಯ್ತಾ? ಓದಕ್ ಬರ್ದಿರೋಳು ನಾನು, ನಾನೇ ಕಂಡ್ ಇಡೀಬೇಕಾಯ್ತು!"

ಕೃಷ್ಣಯ್ಯ ಮೆಲ್ಲಗೆ ಕೇಳಿದ, "ಬೋರ್ಡ್ ಬದ್ಲಾಯ್ಸಣ್ವಾ?"

ರಾಮಮ್ಮ ಬೋರ್ಡನ್ನು ಇನ್ನೊಮ್ಮೆ ಓದಿದಳು. ಈಗ ಬೆರಳು ಬೇಕಾಗಲಿಲ್ಲ. ಸರಿಸಿದ್ದ ಬೇವನ್ನು ಸರಿಯಾಗಿ ಸಿಕ್ಕಿಸಿ, ಮಾರಮ್ಮನಿಗೆ ಕೈಮುಗಿದು, ಬೀಗ ತೆಗೆದು ಒಳಗೆ ಹೋಗಿ ಕೂತಳು. ಕತ್ತರಿಯನ್ನು ಆಟೋದಲ್ಲೇ ಮರೆತದ್ದು ನೆನಪಾಗಿ ಎದ್ದಳು.

ಏಳನೇ ಮೆಟ್ಟಿಲಿಗೆ ಅಂದು ಬಿದ್ದ ಬೈಗುಳದಲ್ಲಿ, ಮೇಷ್ಟ್ರಿಗೆ ಸ್ಪಷ್ಟವಾಗಿ ಕೇಳಿಸಿತು, ಒಂದು 'ಹ' ಇತ್ತು.